ಜಳಕವಾದ ಮೇಲೆ ಕಾಣದ ಗಂಟು

ನನ್ನ ಮಗಳು ಗಿರಿಜಾ ಸೋಗು ಹಾಕಿರಲಿಲ್ಲ. ಅವಳ ಹೊಟ್ಟೆಯಲ್ಲಿ ಹೊಲಿಗೆಯ ದಾರವೂ ಉಳಿದಿರಲಿಲ್ಲ. ಅವಳ ಅತ್ತೆಯ ಮಡಿ-ಮೈಲಿಗೆ ಡಾಕ್ಟರ ಕಣ್ಣು ಕಟ್ಟಿತ್ತು, ಅಷ್ಟೇ.

ಬ್ಯಾಡಗಿಗೆ ಕೊಟ್ಟ ಮಗಳು. ಸಿಜೇರಿಯನ್ ಹೆರಿಗೆ. ಕೂಸು ಅಂಬೆಗಾಲಿಡುವ ಹೊತ್ತಿಗೆ ಹೊಲಿಗೆಯ ತುದಿಯಲ್ಲಿ ಗಂಟು ಕಾಣಿಸಿತು. ಮುಟ್ಟಾದಾಗ ಊದಿ ನೀಲಿಗಟ್ಟುತ್ತಿತ್ತು. ಸೀರೆಯ ನಿರಿಗೆ ತಾಗಿದರೂ ಚೀರುತ್ತಿದ್ದಳು.

ಆ ದಿನಗಳಲ್ಲಿ ಅವಳು ಹಿತ್ತಿಲ ತಗಡಿನ ಕೆಳಗೆ ಕೂರಬೇಕು. ಉಣ್ಣುವ ತಾಟೂ ಬೇರೆ. ಹೊರಗೆ ಕೂತವಳನ್ನು ಬಸ್ಸು ಹತ್ತಿಸಿ ದವಾಖಾನೆಗೆ ಒಯ್ಯುವ ಪದ್ಧತಿ ಆ ಮನೆಯಲ್ಲಿಲ್ಲ. ತಲೆಗೆ ಎರೆದುಕೊಂಡು ಒಳಗೆ ಬಂದ ಮೇಲೆಯೇ ಹೋಗಬೇಕು. ಅಷ್ಟರಲ್ಲಿ ನೋವು ಇಳಿದು ಗಂಟು ಕಡಲೆಕಾಳಿನಷ್ಟಾಗಿರುತ್ತಿತ್ತು. ಹೊಲಿಗೆಯ ದಾರ ಉಳಿದಿದೆ, ಕರಗುತ್ತದೆ ಎಂದು ಅಲ್ಲಿಯ ಡಾಕ್ಟರು ಗುಳಿಗೆ ಕೊಟ್ಟು ಕಳಿಸುತ್ತಿದ್ದರು.

"ಮೆಣಸಿನಕಾಯಿ ತೊಟ್ಟು ಬಿಡಸಾಕ ಕರದ್ರ ಈಕಿಗೆ ಹೊಟ್ಟಿಬ್ಯಾನಿ," ಎಂದು ಬೀಗತಿ ನನ್ನೆದುರೇ ಆಡಿದಳು. "ರೋಗ ಇಲ್ಲದ ರೋಗಿ ನಮಗ ಬ್ಯಾಡ. ಕರಕೊಂಡು ಹೋಗ್ರಿ."

ಕೂಸು ಮಾತ್ರ ಇಲ್ಲೇ ಇರಲಿ ಅಂದಳು. ಕೂಸನ್ನು ಬಿಟ್ಟು ಗಿರಿಜಾ ಬರಲಿಲ್ಲ.

ಗಂಟು ಊದಿದಾಗಲೇ ತೋರಿಸಬೇಕೆಂದು, ಮುಂದಿನ ಸಲ ಮುಟ್ಟಾಗುವ ಹೊತ್ತು ನೋಡಿ ನಮ್ಮೂರು ಮೇಡ್ಲೇರಿಯಿಂದ ಹೋದೆ. ಗಿರಿಜಾ ತಗಡಿನ ಕೆಳಗೆ ಮುದುಡಿಕೊಂಡಿದ್ದಳು. ರಟ್ಟೆ ಹಿಡಿದು ಎಬ್ಬಿಸಿದೆ.

"ಮುಟ್ಟಬ್ಯಾಡ್ರಿ ಬೀಗತ್ಯಾರ, ಹೊರಗ ಕುಂತಾಳ."

"ಕುಂತಿಲ್ಲ. ಬಿದ್ದಾಳ."

ಕಂಕುಳಲ್ಲಿ ಕೂಸು, ಕೈಯಲ್ಲಿ ಮಗಳು. ರಾಣೆಬೆನ್ನೂರಿನ ಲೇಡಿ ಡಾಕ್ಟರ ಬಳಿ ಹೋದೆವು. ಗಂಟು ನಿಂಬೆಹಣ್ಣಿನಷ್ಟಿತ್ತು.

"ಇಷ್ಟ್ ದಿನ ಹಿಂಗ ಊದಿದಾಗ ಯಾಕ ಕರಕೊಂಡು ಬಂದಿಲ್ಲ, ಅಜ್ಜಿ?"

"ಜಳಕ ಆಗಿರ್ತಿರಲಿಲ್ಲರಿ."

ಅವರು ಗಂಟನ್ನು ಮತ್ತೊಮ್ಮೆ ಒತ್ತಿ ನೋಡಿದರು. ಆಮೇಲೆ ಬಿಡಿಸಿ ಹೇಳಿದರು. ಆಪರೇಷನ್ನಿನಲ್ಲಿ ಗರ್ಭಕೋಶದ ಒಳಪದರದ ಚೂರು ಗಾಯಕ್ಕೆ ಅಂಟಿ ಬೆಳೆದಿದೆಯಂತೆ. ತಿಂಗಳಿಗೊಮ್ಮೆ ಅದಕ್ಕೂ ಮುಟ್ಟು. ರಕ್ತ ಹೊರಬರಲು ದಾರಿಯಿಲ್ಲ. ಎಂಡೋಮೆಟ್ರಿಯೋಸಿಸ್ ಅಂದರು. ನನಗೆ ನಾಲಿಗೆ ಹೊರಳಲಿಲ್ಲ. ವಿಷಯ ತಿಳಿಯಿತು.

ಗಂಟು ಕೊಯ್ದು ತೆಗೆದು ಪರೀಕ್ಷೆಗೆ ಹುಬ್ಬಳ್ಳಿಗೆ ಕಳಿಸಿದರು. ರಿಪೋರ್ಟಿನಲ್ಲಿ ಅದೇ ಬಂತು. ಮತ್ತೆ ಬೆಳೆಯಲೂಬಹುದು ಎಂದಿದ್ದಾರೆ. ಬೆಳೆದರೆ, ಯಾವ ದಿನ ತೋರಿಸಬೇಕೆಂದು ಈಗ ಗೊತ್ತಿದೆ. ಆ ಡಾಕ್ಟರಮ್ಮನ ಹೊಟ್ಟೆ ತಣ್ಣಗಿರಲಿ.

ರಿಪೋರ್ಟು ಬಂದ ದಿನ ನಮ್ಮಲ್ಲೇ ಇದ್ದುಬಿಡು ಎಂದೆ ಮಗಳಿಗೆ.

"ನನ್ನ ಮನಿಗೆ ನಾ ಹೋಗ್ತೇನಬೇ," ಎಂದಳು. "ಹಿತ್ತಲಕ್ಕಲ್ಲ."

ಮರುದಿನ ಬೆಳಗ್ಗೆ ಇಬ್ಬರನ್ನೂ ಕರೆದುಕೊಂಡು ಬ್ಯಾಡಗಿಗೆ ಹೋದೆ. ಮಗಳು ಕೂಸನ್ನೆತ್ತಿಕೊಂಡು ಮುಂಬಾಗಿಲಿನಿಂದ ಒಳಗೆ ನಡೆದಳು. ನಾನು ಹಿತ್ತಿಲಿಗೆ ಹೋಗಿ ತಗಡಿಗೆ ಸಿಕ್ಕಿಸಿದ್ದ ಅವಳ ತಾಟು ತೆಗೆದು, ತೊಳೆದು, ಬೀಗತಿ ನೋಡುತ್ತಿರುವಂತೆಯೇ ಅಡುಗೆಮನೆಯಲ್ಲಿ ಅವರೆಲ್ಲರ ತಾಟುಗಳ ನಡುವೆ ಇಟ್ಟೆ.