ಬೇವಿನ ಮರ ಸುತ್ತಿದ ಕುಜ

ಕಡಿದ ಬಾಳೆದಿಂಡಿನ ಹಸಿ ವಾಸನೆ ನನಗೆ ಆಗಿಬರುವುದಿಲ್ಲ. ಮೊನ್ನೆ ಗಂಡನ ಅಕ್ಕ ನಮ್ಮ ಹೊಸಪೇಟೆ ಮನೆಗೆ ಬೇರುಸಮೇತ ಒಂದು ಬಾಳೆಗಿಡ ತಂದರು. ನನ್ನ ಮಗಳ ಮದುವೆಗೆ ಮೊದಲು ಬೇಕಾಗುತ್ತದಂತೆ. ಗುದ್ದಲಿ ತಾಗಿದ ಕಡೆ ರಸ ಸೋರುತ್ತಿತ್ತು. ಆ ವಾಸನೆಗೆ ಕಂಪ್ಲಿಯ ನಮ್ಮ ಹಿತ್ತಲು ಕಣ್ಣಮುಂದೆ ಬಂತು. ಅಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತ ಪಕ್ಕದ ಮನೆ ಟೀಚರ್ ಕೂಡ...

ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದರು. ಒಂಟಿ ಹೆಂಗಸು, ಬಾಯಿ ಜೋರು. ಕೈಸಾಲದ ಸಕ್ಕರೆಗೆ ಹೋದವರಿಗೂ ಒಂದು ಪಾಠ ಹೇಳದೆ ಬಿಡುತ್ತಿರಲಿಲ್ಲ.

ಆಗ ತೋರಣಗಲ್ಲಿನಲ್ಲಿ ಕೆಲಸಕ್ಕಿದ್ದ ಹುಡುಗನ ಜೊತೆ ನನ್ನ ಮದುವೆ ಗೊತ್ತಾಗಿತ್ತು. ಅಷ್ಟರಲ್ಲಿ ನನ್ನ ಜಾತಕದಲ್ಲಿ ಕುಜದೋಷ ಸಿಕ್ಕಿತು. ಮೊದಲು ಬಾಳೆಗಿಡದ ಜೊತೆ ಮದುವೆ ಮಾಡಿ, ಆ ಗಿಡ ಕಡಿದು ದೋಷ ಕಳೆಯಿರಿ, ಆಮೇಲೆ ನಮ್ಮ ಹುಡುಗ ತಾಳಿ ಕಟ್ಟುತ್ತಾನೆ ಎಂದರು ಗಂಡಿನ ಕಡೆಯವರು. ಅವ್ವ ಹೆದರಿ ಗಿಡ ತರಿಸಿಬಿಟ್ಟಳು. ನನಗೆ ಮೈಯೆಲ್ಲ ಉರಿಯಿತು, ಬಾಯಿ ಮಾತ್ರ ಬರಲಿಲ್ಲ. ಬಾಯಿ ಬಂದದ್ದು ಟೀಚರಿಗೆ.

"ಯಾವತ್ತಿನ ಕುಜರೀ ನಿಮ್ಮದು?" ಎನ್ನುತ್ತ ಅವ್ವನನ್ನು ಹಿತ್ತಲಿನ ಬೇವಿನ ಮರದ ಹತ್ತಿರ ಎಳೆದುಕೊಂಡು ಹೋದರು. "ಈ ಮರ ಸೂರ್ಯ. ನೀವು ಭೂಮಿ, ಒಳಗಿನ ಸುತ್ತು, ಜಲ್ದಿ ನಡೀರಿ. ಲೇ, ನೀನು ಕುಜ. ಹೊರಗಿನ ಸುತ್ತು, ನಿಧಾನಕ್ಕ."

ಕೈಗೆ ಕೈ ತಾಗುವಷ್ಟು ಹತ್ತಿರದಿಂದ ಹೊರಟೆವು. ಅವ್ವ ಸೆರಗು ಸಿಕ್ಕಿಸಿ ಬಿರಬಿರನೆ ನಡೆದಳು. ನೋಡನೋಡುತ್ತ ಮರದ ಆಚೆಗೆ ಅವಳು, ಈಚೆಗೆ ನಾನು.

"ಎಲ್ಲದಾಳ್ರೀ ಮಗಳು?"

"ಮರ ಅಡ್ಡ ಬಂದೈತಿ, ಕಾಣವಲ್ಲಳು," ಎಂದಳು ಅವ್ವ ಏದುಸಿರು ಬಿಡುತ್ತ.

"ನಡೀರಿ, ಮತ್ತ ಹತ್ರ ಬರ್ತೀರಿ. ಕುಜನೂ ಹಂಗ. ಒಮ್ಮೆ ಹತ್ರ, ಒಮ್ಮೆ ಭಾಳ ದೂರ, ಸೂರ್ಯನ ಆಚಿಗೆ. ಅವನ ದಾರಿ ಅವಗ ಹಾಸಿ ಹೊದಿಯೋವಷ್ಟೈತಿ. ಈ ಹುಡುಗಿ ಮ್ಯಾಲೆ ಸಿಟ್ಟು ಮಾಡಾಕ ಪುರಸೊತ್ತೆಲ್ಲಿ?"

ಅವ್ವ ನಗಲಿಲ್ಲ. ಉಳಿದ ಸುತ್ತು ನಡೆದಳು... ನನ್ನ ಪಕ್ಕಕ್ಕೆ ಬಂದು ನಿಂತು ಕೈ ಹಿಡಿದಳು.

ಮರುದಿನ ಗಂಡಿನ ಕಡೆಯವರಿಗೆ, "ನಮ್ಮ ಹುಡುಗಿ ಗಿಡಕ್ಕ ಹೆಂಡ್ತಿ ಆಗಂಗಿಲ್ರಿ" ಎಂದಳು. ಸಂಬಂಧ ಮುರಿಯಿತು. ಓಣಿಯವರು ಆಡಿಕೊಂಡರು, ಆಡಿಕೊಳ್ಳಲಿ. ಟೀಚರ್ ಆ ಗಿಡವನ್ನು ನಮ್ಮ ಹಿತ್ತಲಲ್ಲೇ ನೆಟ್ಟರು. ಗೊನೆ ಹಣ್ಣಾದಾಗ ಓಣಿಗೆಲ್ಲ ಹಂಚಿದೆವು, ಆಡಿಕೊಂಡವರಿಗೆ ಒಂದು ಹೆಚ್ಚೇ ಕೊಟ್ಟೆವು. ಮುಂದೆ ಜಾತಕ ಕೇಳದ, ವಡ್ಡು ಎಂಬ ಊರಿನ ಹುಡುಗನನ್ನು ಮದುವೆಯಾದೆ. ಇಬ್ಬರೂ ಗಟ್ಟಿಯಾಗಿದ್ದೇವೆ.

ಟೀಚರ್ ಹೋದ ವರ್ಷ ತೀರಿಕೊಂಡರು. ಅವರ ಜೋರು ದನಿ ಇಲ್ಲದ ಆ ಓಣಿಗೆ ಹೋಗಲು ಈಗ ಮನಸ್ಸಾಗುವುದಿಲ್ಲ. ನನ್ನ ಮಗಳಿಗೂ ಕುಜದೋಷ ಎಂದು ಗಂಡನ ಅಕ್ಕ ಗಿಡ ತಂದಿಟ್ಟಾಗ, ಅವರಿರಬೇಕಿತ್ತು ಎನ್ನಿಸಿತು.

ನಮ್ಮ ಅಂಗಳದಲ್ಲಿ ಬೇವಿಲ್ಲ. ನೀರಿನ ಡ್ರಮ್ಮನ್ನು ಉರುಳಿಸಿ ತಂದು ನಡುವೆ ನಿಲ್ಲಿಸಿದೆ.

"ಬರ್ರಿ ಅಕ್ಕಾರ," ಎಂದೆ, "ನೀವು ಭೂಮಿ."

ಈ ಕತೆ ಕೇಳುತ್ತಲೇ ಬೆಳೆದ ಮಗಳು ಆಗಲೇ ಹೊರಗಿನ ಸುತ್ತಿನಲ್ಲಿ ನಿಂತಿದ್ದಳು.