ಹೊರಗಿನಿಂದ ಹಾಕಿದ ಕೊಂಡಿ

"ನೋವು ಶುರುವಾಗೋಕೆ ಮುಂಚೆ ನಿಮಗೆ ಏನು ಕೇಳಿಸುತ್ತೆ?"

ಕುಕ್ ಟೌನಿನ ಹಳೇ ಬಂಗಲೆಯೊಂದರಲ್ಲಿ ಕೂತು ಡಾಕ್ಟರಮ್ಮ ಹೀಗೆ ಕೇಳಿದಾಗ ನಾನು ಸೆರಗು ಬಾಯಿಗಿಟ್ಟುಕೊಂಡು ಬಾಗಿಲು ನೋಡಿದೆ. ಗಂಡ ಹೆಂಡಿರ ನಡುವಿನ ಮಾತನ್ನು ಈ ಹೆಂಗಸು ಉಳ್ಳಾಗಡ್ಡಿ ದರ ವಿಚಾರಿಸಿದ ಹಾಗೆ ವಿಚಾರಿಸುತ್ತಿದ್ದರು. ನಮ್ಮ ಸೇಡಂ ಕಡೆ ಇಂಥ ಮಾತಾಡಿದವಳನ್ನು ಕಾಳು ತುಂಬುವ ನೆಲದ ಹಗೇವಿಗೆ ಹಾಕಿ ಮೇಲೆ ಮಣ್ಣು ಮುಚ್ಚಿಬಿಡುತ್ತಿದ್ದರು.

ಬೆಂಗಳೂರಿಗೆ ಬಂದು ಆಗ ವರ್ಷ ದಾಟಿತ್ತು, ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ನಮ್ಮವರಿಗೆ ಹೊಸ ತಿಪ್ಪಸಂದ್ರದ ಲೇತ್ ಅಂಗಡಿಯಲ್ಲಿ ಕೆಲಸ. ಟಿನ್ ಫ್ಯಾಕ್ಟರಿ ಹಿಂದೆ, ಮೊದಲು ರಾಗಿ ಹೊಲವಾಗಿದ್ದ ಜಾಗದಲ್ಲಿ ಕಟ್ಟಿಸಿದ ಸಾಲು ಕೋಣೆಗಳಲ್ಲಿ ಒಂದು ನಮ್ಮದು. ಓಣಿ ಎನ್ನಬಾರದು, ಇಲ್ಲಿ ಅದು ಕ್ರಾಸು. ನಾವು ಕೊಂಡಿ ಎನ್ನುವುದು ಇಲ್ಲಿ ಚಿಲಕ. ಊರಿನಲ್ಲಿ ಕಲ್ಲಿನ ದಪ್ಪ ಗೋಡೆ. ಇಲ್ಲಿ ಪಕ್ಕದವರು ಸೀನಿದರೂ ನಮ್ಮ ತಟ್ಟೆ ನಡುಗುತ್ತಿತ್ತು. ಜೋಳದ ಹಿಟ್ಟು ಸಿಕ್ಕರೂ ಹಳತು, ರೊಟ್ಟಿಯ ಅಂಚೆಲ್ಲ ಬಿರಿಯುತ್ತಿತ್ತು. ರೊಟ್ಟಿ ಬಡಿಯುವ ಸಪ್ಪಳಕ್ಕೆ ಓನರಮ್ಮ ಗಾಬರಿಯಾಗಿ ಗೋಡೆ ನೋಡಲು ಬಂದು, ಬಿಸಿ ರೊಟ್ಟಿ ತಿಂದು ಹೋದರು. ಈ ಊರಿನಲ್ಲಿ ಅದು ನನ್ನ ಮೊದಲ ಗೆಲುವು.

ಸೋಲು ಬಾಗಿಲು ಮುಚ್ಚಿದ ಮೇಲಿನದು. ಗಂಡ ಕೆಲಸದಿಂದ ಬಂದು ಚಿಲಕ ಹಾಕಿದರೆ ಸಾಕು, ನನ್ನ ಮೈ ಕಟ್ಟಿಗೆಯಾಗುತ್ತಿತ್ತು. ಹತ್ತಿರ ಬಂದರೆ ಕೊಯ್ದಂಥ ನೋವು. ಮದುವೆಯಾದಾಗಿನಿಂದ ನಾವು ನಿಜವಾಗಿ ಗಂಡ ಹೆಂಡತಿಯಾಗಿರಲೇ ಇಲ್ಲ. ಅವರು ಗದರುವ ಪೈಕಿಯಲ್ಲ. "ನಾ ಏನರ ತಪ್ಪ ಮಾಡೀನೇನು?" ಎಂದು ಕೇಳಿ ಗೋಡೆ ಕಡೆ ತಿರುಗಿ ಮಲಗುತ್ತಿದ್ದರು. ಗದರಿದ್ದರೆ ಅಷ್ಟು ಹೆದರುತ್ತಿರಲಿಲ್ಲವೇನೋ. ಅತ್ತೆಯಂತೂ ಫೋನಿನಲ್ಲಿ ಮಗನಿಗೆ ಹೇಳಿಬಿಟ್ಟಿದ್ದರು: ದಸರೆಗೆ ಬರುತ್ತೇನೆ, ಅಷ್ಟರಲ್ಲಿ ಸಿಹಿ ಸುದ್ದಿ ಇಲ್ಲದಿದ್ದರೆ ಅವಳನ್ನು ತವರಿಗೆ ಬಿಟ್ಟು ನಿನಗೆ ಇನ್ನೊಂದು ಹೆಣ್ಣು ನೋಡುತ್ತೇನೆ. ಎಸ್‌ಟಿಡಿ ಬೂತಿನ ಗಾಜಿನಾಚೆ ನಿಂತು ಗಂಡನ ಮುಖ ನೋಡಿಯೇ ನನಗೆ ಎಲ್ಲ ಗೊತ್ತಾಗಿತ್ತು.

ಹತ್ತಿರದ ಲೇಡಿ ಡಾಕ್ಟರು ಪರೀಕ್ಷೆ ಮಾಡಿ, ಏನೂ ತೊಂದರೆ ಇಲ್ಲ, ಎಲ್ಲ ನಾರ್ಮಲ್ ಎಂದರು. ರೋಗವಾದರೆ ಗುಳಿಗೆ ಇರುತ್ತದೆ. ಏನೂ ಇಲ್ಲವೆಂದರೆ ಕೆಟ್ಟವಳು ನಾನೇ ಎಂದಾಯಿತಲ್ಲ. ಹೆಂಗಸರ ಇಂಥ ನೋವಿನ ಬಗ್ಗೆಯೇ ಸಂಶೋಧನೆ ಮಾಡುವ ಮನಶ್ಶಾಸ್ತ್ರಜ್ಞೆ ಒಬ್ಬರಿದ್ದಾರೆ, ಹೋಗಿ ಎಂದು ಅವರೇ ಕುಕ್ ಟೌನಿಗೆ ಕಳಿಸಿದ್ದು. ಮನಸ್ಸಿನ ಡಾಕ್ಟರೆಂದರೆ ಹುಚ್ಚರ ಡಾಕ್ಟರೆಂದೇ ನಾನು ತಿಳಿದಿದ್ದೆ. ಗಂಡನಿಗೂ ಹೇಳದೆ ಬಸ್ಸು ಹತ್ತಿದೆ. ಟಿನ್ ಫ್ಯಾಕ್ಟರಿಯ ಗದ್ದಲದಿಂದ ಬಂದವಳಿಗೆ ಆ ಬೀದಿಯ ಮೌನವೇ ಭಯ ಹುಟ್ಟಿಸಿತು.

ಡಾಕ್ಟರಮ್ಮ ಮೊದಲು ಬಾಗಿಲು ತೋರಿಸಿ, ಚಿಲಕ ಹಾಕುವುದೂ ಬಿಡುವುದೂ ನಿಮ್ಮಿಷ್ಟ ಎಂದರು. ಹೆಸರು ಎಲ್ಲೂ ಬರೆಯುವುದಿಲ್ಲ, ನಿಮ್ಮಂಥ ಎಷ್ಟೋ ಜನ ಈ ಕುರ್ಚಿಯಲ್ಲಿ ಕೂತಿದ್ದಾರೆ ಎಂದೂ ಹೇಳಿದರು. ನನ್ನಂಥವರು ಇನ್ನೂ ಇದ್ದಾರೆ ಎಂದು ನಾನು ಕೇಳಿದ್ದು ಅದೇ ಮೊದಲು. ಆಮೇಲೆ ಬಂದದ್ದು, ನೋವಿಗೆ ಮುಂಚೆ ಏನು ಕೇಳಿಸುತ್ತೆ ಎಂಬ ಆ ಪ್ರಶ್ನೆ.

"ಕೊಂಡಿ ಸಪ್ಪಳ ರೀ," ಎಂದೆ.

ನಮ್ಮ ಮನೆತನಗಳಲ್ಲಿ ಪ್ರಸ್ತದ ದಿನ, ಅಂದರೆ ಗಂಡ ಹೆಂಡತಿ ಮೊದಲ ಸಲ ಕೂಡುವ ದಿನ, ಹೆಂಗಸರೆಲ್ಲ ಹಾಡು ಹೇಳುತ್ತಾ ಮದುಮಗಳನ್ನು ಕೋಣೆಯೊಳಗೆ ದಬ್ಬಿ ಹೊರಗಿನಿಂದ ಕೊಂಡಿ ಹಾಕುತ್ತಾರೆ. ಬೆಳಗಾಗುವ ತನಕ ತೆಗೆಯುವುದಿಲ್ಲ. ನಾನು ಹೆದರಿ ಬಾಗಿಲು ಬಡಿದಿದ್ದೆ. ಬಡಿದಷ್ಟೂ ಹೊರಗೆ ನಗು. ಆ ನಗುವಿನಲ್ಲಿ ನನ್ನ ಅವ್ವನ ದನಿಯೂ ಇತ್ತು.

"ಅದೊಂದೇ ಕಾರಣ ಅಂತ ಹೇಳಲ್ಲ," ಎಂದರು ಡಾಕ್ಟರಮ್ಮ. "ಹೆದರಿದ್ರೆ ಮೈ ಬಿಗಿಯುತ್ತೆ, ಬಿಗಿದ್ರೆ ನೋಯುತ್ತೆ, ನೋವಾದ್ರೆ ಇನ್ನೂ ಹೆದರಿಕೆ. ನೋವು ನಿಜಾನೇ. ನೀವು ನಾಟಕ ಆಡ್ತಿಲ್ಲ."

ನಾಟಕವಲ್ಲ ಎಂಬ ಮಾತಿಗೆ ನಾನು ಅತ್ತುಬಿಟ್ಟೆ. ಸದ್ಯಕ್ಕೆ ಕೂಡುವ ಪ್ರಯತ್ನವೇ ಬೇಡ, ಮುಂದಿನ ಸಲ ಗಂಡನನ್ನೂ ಕರೆತನ್ನಿ ಎಂದರು.

ಆ ಸಂಜೆ ನಮ್ಮವರಿಗೆ ಎಲ್ಲ ಹೇಳಿದೆ. ಕೇಳಿಸಿಕೊಂಡು, ಎದ್ದು ಹೋಗಿ ಹಾಕಿದ್ದ ಚಿಲಕ ತೆಗೆದರು. ಅಂದಿನಿಂದ ಅದನ್ನು ಹಾಕುವವಳು ನಾನೇ. ದಸರೆಗೆ ಅತ್ತೆ ಬಂದಾಗ ನಾನು ಟ್ರಂಕಿನಲ್ಲಿ ಸೀರೆ ಮಡಿಸಿಟ್ಟು ಕೂತಿದ್ದೆ.

"ಅವ್ವಾ, ಔಷಧ ನಂದು ನಡದದ, ಆಕೀದಲ್ಲ," ಎಂದರು ಇವರು.

ಅತ್ತೆ ಎರಡು ದಿನ ಮಾತಾಡಲಿಲ್ಲ. ಹೊರಡುವಾಗ, ಮಗನಿಗೆ ಹಾಲು ತುಪ್ಪ ಸರಿಯಾಗಿ ಹಾಕು ಎಂದು ನನ್ನನ್ನೇ ಗದರಿ ಹೋದರು. ಭಯ ಪೂರ್ತಿ ಹೋಯಿತೆಂದರೆ ಸುಳ್ಳು. ಆದರೆ ಎಷ್ಟೋ ತಿಂಗಳ ಮೇಲೆ, ನೋವಿಲ್ಲದ ಒಂದು ದಿನವೂ ಬಂತು.

ಮುಂದೆ ಕೆಲ ವರ್ಷಕ್ಕೆ ತಂಗಿಯ ಮದುವೆಗೆ ಊರಿಗೆ ಹೋದೆ. ಪ್ರಸ್ತದ ಸಂಜೆ ಅವಳನ್ನು ಕೋಣೆಗೆ ಬಿಟ್ಟರು. ಚಿಕ್ಕಮ್ಮ ಕೊಂಡಿಗೆ ಕೈ ಹಾಕುವುದನ್ನು ಕಂಡೆ. ಹೋಗಿ ಕೊಂಡಿ ಹಿಡಿದುಕೊಂಡೆ.

"ಹೊರಗಿಂದ ಹಾಕಬ್ಯಾಡ್ರಿ. ಬೇಕಂದ್ರ ಒಳಗಿಂದ ಆಕೀನೇ ಹಾಕ್ಕೋತಾಳ."

ಹಾಡು ನಿಂತಿತು. ಈ ಬೆಂಗಳೂರಾಕಿಗೆ ನಾಚಿಕೆ ಮಾನ ಎಲ್ಲ ಹೋಗಿದೆ ಎಂದರು ಚಿಕ್ಕಮ್ಮ. ಟಿನ್ ಫ್ಯಾಕ್ಟರಿಯಲ್ಲಿ ನಾನು ಇವತ್ತಿಗೂ ಗುಲ್ಬರ್ಗಾದವಳು. ಅವ್ವನ ಮುಖ ನೋಡಿದೆ. ಅವಳು ತಲೆ ತಗ್ಗಿಸಿ ಒಳಗೆ ಹೋದಳು. ಉಳಿದವರೂ ಒಬ್ಬೊಬ್ಬರಾಗಿ ಅವಳ ಹಿಂದೆ ಹೋದರು. ಇನ್ನು ನನ್ನನ್ನು ಈ ಮನೆಯ ಯಾವ ಶುಭಕಾರ್ಯಕ್ಕೂ ಕರೆಯುವುದಿಲ್ಲವೆಂಬ ಹೆದರಿಕೆಯಲ್ಲಿ ಅಲ್ಲೇ ಗೋಡೆಗೆ ಒರಗಿ ಕೂತೆ.

ಸ್ವಲ್ಪ ಹೊತ್ತಿಗೆ ಬಾಗಿಲು ಒಂದಿಷ್ಟು ತೆರೆಯಿತು. ಅದು ನಿಜಕ್ಕೂ ತೆರೆಯುತ್ತದೋ ಎಂದು ನೋಡಲು ತಂಗಿ ಇಣುಕಿದ್ದಳು. ನನ್ನನ್ನು ಕಂಡು, ಮೆಲ್ಲಗೆ ಬಾಗಿಲು ಎಳೆದು ಮುಂದೆ ಮಾಡಿಕೊಂಡಳು. ನಡುಮನೆಯಲ್ಲಿ ಮತ್ತೆ ಹಾಡು ಶುರುವಾಯಿತು. ನನ್ನನ್ನು ಯಾರೂ ಕರೆಯಲಿಲ್ಲ.