ಪಕ್ಕೀರಮ್ಮನ ಬೆರಳು ಮತ್ತು ಬಿತ್ತನೆಯ ಶೇಂಗಾ

ಕೊಟ್ಟೂರಿನಿಂದ ಉಜ್ಜಿನಿಗೆ ಹೋಗುವ ದಾರಿಯ ಆ ಹಳ್ಳಿಯಲ್ಲಿ ಬೇಸಿಗೆ ಕಳೆಯುತ್ತ ಬಂತೆಂದರೆ ರೈತರೆಲ್ಲ ಪಕ್ಕೀರಮ್ಮನ ಮನೆಯ ಕಡೆಗೆ ತಿರುಗುತ್ತಿದ್ದರು. ಮುಂಗಾರಿಗೆ ಬಿತ್ತುವ ಶೇಂಗಾವನ್ನು ಯಂತ್ರಕ್ಕೆ ಹಾಕಿಸಿದರೆ ಕಾಳು ಹೋಳಾಗುತ್ತದೆ, ಇಲ್ಲವೆ ಮೇಲಿನ ಕೆಂಪು ಸಿಪ್ಪೆ ಕಿತ್ತುಬರುತ್ತದೆ. ಸಿಪ್ಪೆ ಕಿತ್ತ ಕಾಳು ಮಣ್ಣಿನಲ್ಲಿ ಕೊಳೆಯುತ್ತದೆಯೇ ಹೊರತು ಮೊಳೆಯುವುದಿಲ್ಲ. ಆದ್ದರಿಂದ ಬಿತ್ತನೆಯ ಕಾಯನ್ನು ಕೈಯಿಂದಲೇ ಒಡೆಯಬೇಕು. ಕಾಯಿಯ ಮೂತಿಯನ್ನು ಎರಡು ಬೆರಳುಗಳ ನಡುವೆ ಹಿಡಿದು ಒತ್ತಿದರೆ ಅದು ಟಪ್ಪೆಂದು ಬಾಯಿ ಬಿಡಬೇಕು. ಒಳಗಿನ ಕಾಳಿಗೆ ಅದು ಗೊತ್ತೇ ಆಗಬಾರದು. ಹಾಗೆ ಒಡೆಯುವ ಹೆಂಗಸರು ಊರಲ್ಲಿ ಹಲವರಿದ್ದರು. ಆದರೆ ಪಕ್ಕೀರಮ್ಮ ಒಡೆದ ಬೀಜ ಬಿತ್ತಿದ ಹೊಲದಲ್ಲಿ ಸಾಲು ಎಲ್ಲೂ ಬೋಳಾಗುವುದಿಲ್ಲ ಎಂದು ಎಲ್ಲರೂ ನಂಬಿದ್ದರು. ಅವಳೂ ನಂಬಿದ್ದಳು.

ಅಂಥ ಬೆರಳಿಗೇ ನೋವು ಬಂತು. ಮಗಳನ್ನು ಇಟ್ಟಿಗಿಗೆ ಕೊಟ್ಟು ಮದುವೆ ಮಾಡಿದ ಮರುವರ್ಷ, ಪಕ್ಕೀರಮ್ಮನಿಗೆ ನಲವತ್ತು ದಾಟಿದ್ದಾಗ, ಬೆಳಿಗ್ಗೆ ಎದ್ದರೆ ಮುಷ್ಟಿ ಬಿಚ್ಚದಾಯಿತು. ಬೆರಳಿನ ಗಿಣ್ಣುಗಳು ಬಾತುಕೊಂಡವು. ಚೊಂಬು ಹಿಡಿದರೆ ಜಾರುತ್ತಿತ್ತು. ರೊಟ್ಟಿ ಬಡಿಯಲು ಕೂತರೆ ಕಣ್ಣಲ್ಲಿ ನೀರು ಬರುತ್ತಿತ್ತು. ತಲೆ ಬಾಚಿಕೊಳ್ಳಲೂ ಆಗದೆ ಗಂಡ ಮೈಲಪ್ಪನಿಗೆ ಬೆನ್ನು ಮಾಡಿ ಕೂರಬೇಕಾಯಿತು.

“ನೀ ಕಟ್ಟಿದ್ದು ತುರುಬಲ್ಲ, ಹುಲ್ಲಿನ ಪೆಂಡಿ,” ಎಂದು ಅವಳು ಗೊಣಗುತ್ತಿದ್ದಳು.

“ಪೆಂಡಿ ಆದ್ರ ಬಿಚ್ಚಂಗಿಲ್ಲ ಬಿಡು. ನಾ ಕಟ್ಟಿದ ಪೆಂಡಿ ಬಂಡ್ಯಾಗಿಂದ ಎಂದಾರ ಬಿದ್ದೈತೇನು?”

ಅವಳು ನಗುತ್ತಿದ್ದಳು. ಆದರೆ ಮೂಲೆಯಲ್ಲಿದ್ದ ಮೊರದ ಕಡೆಗೆ ನೋಡಲು ಮನಸ್ಸಾಗುತ್ತಿರಲಿಲ್ಲ.

ಕೊನೆಗೆ ಮೈಲಪ್ಪ ಅವಳನ್ನು ಬಳ್ಳಾರಿಯ ಕೀಲು ವೈದ್ಯರೊಬ್ಬರ ಬಳಿಗೆ ಕರೆದುಕೊಂಡು ಹೋದ. ಅದು ಎರಡು ಸಾವಿರದ ಒಂದನೆಯ ಇಸವಿಯ ಚಳಿಗಾಲ. ಮೈಯನ್ನು ಕಾಯಬೇಕಾದ ಶಕ್ತಿಯೇ ತಿರುಗಿಬಿದ್ದು ಕೀಲುಗಳನ್ನು ಕಡಿಯುತ್ತಿದೆ, ಅದನ್ನು ತುಸು ಮಂಕುಮಾಡುವ ಗುಳಿಗೆ ಕೊಡುತ್ತೇನೆ ಎಂದು ವೈದ್ಯರು ತಿಳಿಸಿ ಹೇಳಿದರು. ವಾರಕ್ಕೊಮ್ಮೆ ನುಂಗಲು ಹಳದಿ ಗುಳಿಗೆ. ದಿನವೂ ಒಂದರಂತೆ, ಕೆಲವೇ ವಾರಗಳ ಮಟ್ಟಿಗೆ, ಸಣ್ಣ ಬಿಳಿ ಗುಳಿಗೆ. ಮೈಲಪ್ಪ ಚೀಟಿ ಹಿಡಿದು ಔಷಧದ ಅಂಗಡಿಗೆ ಹೋದ ಮೇಲೆ ಅವರು ಇನ್ನೊಂದು ಮಾತು ಹೇಳಿದರು.

“ನೆನಪಿಟ್ಟುಕೊಳ್ಳಮ್ಮ. ಕಾಯೋ ಶಕ್ತಿ ಮಂಕಾದಾಗ ಹೊರಗಿನ ರೋಗ ಸುಲಭವಾಗಿ ಒಳಗೆ ಬರುತ್ತೆ. ಜ್ವರ, ಕೆಮ್ಮು ಶುರುವಾದ್ರೆ ಮನೆಯಲ್ಲಿ ಕೂಡಬೇಡ, ಕೂಡಲೇ ಇಲ್ಲಿಗೆ ಬಾ. ಆಗ ಈ ಗುಳಿಗೆ ನಿಲ್ಲಿಸಬೇಕಾಗಬಹುದು.”

ಎರಡು ತಿಂಗಳಲ್ಲಿ ಮುಷ್ಟಿ ಬಿಚ್ಚಿತು. ಯುಗಾದಿಯ ಹೊತ್ತಿಗೆ ಅವಳು ತಾನೇ ತುರುಬು ಕಟ್ಟಿಕೊಂಡು, ತಲೆ ತಿರುಗಿಸಿ ಗಂಡನಿಗೆ ತೋರಿಸಿದಳು. ಗುಳಿಗೆಯ ಮೇಲೆ ಅವಳಿಗೆ ದೇವರ ಮೇಲಿನಷ್ಟೇ ಭಕ್ತಿ ಹುಟ್ಟಿತು. ಬಿಳಿ ಗುಳಿಗೆಯನ್ನು ನಿಲ್ಲಿಸುವ ದಿನ ಬಂದರೂ ಅವಳು ನಿಲ್ಲಿಸಲಿಲ್ಲ. ಪಕ್ಕದ ಮನೆಯ ಗೌಸಿಯಾ ಕೊಟ್ಟೂರಿಗೆ ಸಂತೆಗೆ ಹೋದಾಗಲೆಲ್ಲ ಗುಳಿಗೆ ಮುಗಿದ ಖಾಲಿ ಹಾಳೆಯನ್ನು ಕೊಟ್ಟು, ಅಂಥದೇ ಇನ್ನೊಂದನ್ನು ತರಿಸಿಕೊಂಡಳು. ಎಲ್ಲವನ್ನೂ ಸೆರಗಿನ ತುದಿಯಲ್ಲಿ ಗಂಟು ಹಾಕಿ ಇಟ್ಟುಕೊಳ್ಳುತ್ತಿದ್ದಳು.

ಆ ಬೇಸಿಗೆ ರೈತರು ಮತ್ತೆ ಕಾಯಿಯ ಚೀಲಗಳನ್ನು ತಂದು ಇಳಿಸಿದರು. ಬೆರಳು ಬಿಚ್ಚುತ್ತಿದ್ದರೂ ಒಣಗಿ ಕಲ್ಲಾದ ಕಾಯನ್ನು ಒಡೆಯುವ ಕಸುವು ಅದಕ್ಕೆ ಬಂದಿರಲಿಲ್ಲ. ಬೆಳಿಗ್ಗೆ ಕಾಯಿಯ ಮೇಲೆ ನೀರು ಚಿಮುಕಿಸಿ, ಗೋಣಿಚೀಲ ಹೊದಿಸಿ, ಸಿಪ್ಪೆ ಮೆತ್ತಗಾದ ಮೇಲೆ ಅಂದೇ ಒಡೆದು ಮುಗಿಸುವುದು ಆ ಕಡೆಯ ಹೆಂಗಸರ ರೂಢಿ. ಪಕ್ಕೀರಮ್ಮ ಆ ರೂಢಿಯನ್ನು ತನ್ನ ಕೈಗೆ ತಕ್ಕಂತೆ ಹಿಗ್ಗಿಸಿದಳು. ಚಿಮುಕಿಸುವ ಬದಲು ಬಿಂದಿಗೆಯಿಂದಲೇ ಸುರಿದಳು. ಚೀಲದ ಬಾಯಿ ಬಿಗಿದು ಗಾಳಿಯಾಡದ ಒಳಕೋಣೆಯಲ್ಲಿ ಮೂರು ನಾಲ್ಕು ದಿನ ಇಟ್ಟಳು. ಕಾಯಿ ಬೆಣ್ಣೆಯಂತೆ ಮೆತ್ತಗಾಯಿತು. ಮೇಲೆ ಬೂದುಬಣ್ಣದ, ಅಲ್ಲಲ್ಲಿ ಹಸಿರಾದ ಬೂಷ್ಟು ಬಂತು. ಅವಳು ಅದನ್ನು ಮತ್ತೆ ಬಿಸಿಲಿಗೆ ಹರವಿ, ಮೊರದಲ್ಲಿ ಕೊಡವಿ, ಒಡೆಯಲು ಕೂರುತ್ತಿದ್ದಳು. ಕೊಡವಿದಾಗ ಏಳುವ ಧೂಳಿಗೆ ಗೌಸಿಯಾ ಮೂಗು ಮುಚ್ಚಿಕೊಳ್ಳುತ್ತಿದ್ದಳು.

“ಯಕ್ಕಾ, ಇವು ಶೇಂಗಾ ಅಲ್ಲ, ಗಡ್ಡ ಬಂದ ಮುದುಕರು.”

“ಗಡ್ಡ ಬಂದ್ರೇನಾತು, ಒತ್ತಿದ್ರ ಬಾಯಿ ಬಿಡ್ತಾವು. ನಿನ್ನಂಗ ಒತ್ತದಿದ್ರೂ ಬಾಯಿ ಬಿಡಾಂಗಿಲ್ಲ.”

ಗಣಪತಿ ಹಬ್ಬ ಕಳೆಯುವಷ್ಟರಲ್ಲಿ ಪಕ್ಕೀರಮ್ಮನಿಗೆ ಕೆಮ್ಮು ಹತ್ತಿತು. ಸಂಜೆಯಾದರೆ ಮೈ ಬಿಸಿ. ಕುಪ್ಪಸ ಸಡಿಲವಾಗತೊಡಗಿತು. ಒಂದು ದಿನ ಕಫದಲ್ಲಿ ನೂಲೆಳೆಯಷ್ಟು ರಕ್ತ ಕಂಡು ಮೈಲಪ್ಪ ಗಾಬರಿಯಾದ. ಬಳ್ಳಾರಿಯ ವೈದ್ಯರ ಮಾತು ಅವಳಿಗೆ ನೆನಪಿತ್ತು, ಚೆನ್ನಾಗಿಯೇ ನೆನಪಿತ್ತು. ಹೋದರೆ ಗುಳಿಗೆ ನಿಲ್ಲಿಸುತ್ತಾರೆ, ನಿಲ್ಲಿಸಿದರೆ ಮುಷ್ಟಿ ಮತ್ತೆ ಮುಚ್ಚಿಕೊಳ್ಳುತ್ತದೆ. ಅದಕ್ಕಾಗಿಯೇ ಬಳ್ಳಾರಿ ದೂರವಾಯಿತೆಂದು ಹೇಳಿ ಹತ್ತಿರದ ಊರಿನ ಆಸ್ಪತ್ರೆಗೆ ಹೋದಳು. ಅಲ್ಲಿನ ವೈದ್ಯರು ಎಕ್ಸ್‌ರೇ ತೆಗೆಸಿದರು. ಪುಪ್ಪುಸದ ಮೇಲ್ಭಾಗದಲ್ಲಿ ಕಲೆಯಿತ್ತು. ಬೇರೆ ಯಾವ ಔಷಧ ತೆಗೆದುಕೊಳ್ಳುತ್ತೀ ಎಂದು ಕೇಳಿದರು.

“ಯಾವುದೂ ಇಲ್ರಿ,” ಎಂದಳು ಪಕ್ಕೀರಮ್ಮ, ಸೆರಗನ್ನು ಬಿಗಿಯಾಗಿ ಸುತ್ತಿಕೊಳ್ಳುತ್ತ.

ಕಫದಲ್ಲಿ ಕ್ಷಯದ ಕ್ರಿಮಿ ಕಾಣಲಿಲ್ಲ. ಆದರೂ ಆ ಲಕ್ಷಣ, ಆ ಕಲೆ, ಕ್ಷಯ ಹೆಚ್ಚಿದ್ದ ಆ ಸೀಮೆ ಎಲ್ಲವನ್ನೂ ನೋಡಿ ಕ್ಷಯವೇ ಇರಬೇಕೆಂದು ಅದರ ಔಷಧ ಆರಂಭಿಸಿದರು. ಅವರಿಗೆ ಹೇಳಿದ್ದಷ್ಟನ್ನು ಕೇಳಿದ ಯಾರಾದರೂ ಹಾಗೆಯೇ ಮಾಡುತ್ತಿದ್ದರು. ದಸರೆ ಹೋಯಿತು, ದೀಪಾವಳಿ ಹೋಯಿತು. ಕೆಮ್ಮು ಮಾತ್ರ ಹೋಗಲಿಲ್ಲ. ಅಂಗಳದಿಂದ ಒಲೆಯವರೆಗೆ ನಡೆದರೆ ಏದುಸಿರು ಬರುತ್ತಿತ್ತು. ಕೈ ಚೆನ್ನಾಗಿತ್ತು, ಆ ಕೈಯಿಂದ ಎದೆಯನ್ನು ಒತ್ತಿಕೊಂಡು ಗೋಡೆಗೆ ಒರಗಿ ಕೂರುತ್ತಿದ್ದಳು.

ಸಂಕ್ರಾಂತಿ ಮುಗಿದ ಮೇಲೆ, ಹರಪನಹಳ್ಳಿಯ ಮೇಲೆ ಹೋಗುವ ಬಸ್ಸು ಹತ್ತಿ ಮೂವರೂ ದಾವಣಗೆರೆಯ ದೊಡ್ಡ ಆಸ್ಪತ್ರೆಗೆ ಹೋದರು. ಹೆಂಗಸೊಬ್ಬಳು ಜೊತೆಗಿರಲಿ ಎಂದು ಗೌಸಿಯಾ ತಾನೇ ಹೊರಟಿದ್ದಳು. ಅಲ್ಲಿ ಎದೆಯ ರೋಗ ನೋಡುವ ವೈದ್ಯೆ ಶಾಂತಕುಮಾರಿ, ಹಂಪಸಾಗರದ ಕಡೆಯವರು. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಅವರೂ ಅದೇ ಪ್ರಶ್ನೆ ಕೇಳಿದರು.

“ಕ್ಷಯದ ಗುಳಿಗೆ ಬಿಟ್ಟು ಬೇರೆ ಏನಾದ್ರೂ ತಗೋತಿದ್ದೀಯೇನಮ್ಮ?”

“ಇಲ್ರಿ.”

“ಇಲ್ಲ ಅಂತಾಳ ನೋಡ್ರಿ,” ಗೌಸಿಯಾ ತಡೆಯಲಾರದೆ ಮುಂದೆ ಬಂದಳು. “ಯಕ್ಕಾ, ಸೆರಗಿನ ಗಂಟಿನ್ಯಾಗ ಇರೋದು ಏನು, ಪುಠಾಣಿನೇನು? ಕೈನೋವಿಗೆ ಗುಳಿಗಿ ತಗೊಂತಾಳ್ರಿ ಡಾಕ್ಟರಮ್ಮಾರ. ಬಿಳೀವು ನಾನ ತಂದು ಕೊಡ್ತೀನ್ರಿ.”

“ಲೇ ಗೌಸಿ, ಸುಮ್ನಿರಲೇ.”

“ಯಾಕ ಸುಮ್ನಿರ್ಲಿ? ನೀ ಹೋದ್ರ ಜಗಳಾಡಾಕ ನನಗ ಯಾರದಾರ?”

ಮೈಲಪ್ಪ ತಲೆ ಕೆರೆದುಕೊಂಡ. “ನನಗೂ ಗೊತ್ತಿತ್ರಿ. ಕೈ ಗುಳಿಗಿಗೂ ಎದಿಗೂ ಏನ್ ಸಂಬಂಧ ಅಂತ ಬಿಟ್ಟೆ.”

ವೈದ್ಯೆ ಬೈಯಲಿಲ್ಲ. ಕೈ ಚಾಚಿದರು. ಪಕ್ಕೀರಮ್ಮ ಗಂಟು ಬಿಚ್ಚಿ ಹಳದಿ, ಬಿಳಿ ಗುಳಿಗೆಗಳ ಹಾಳೆಗಳನ್ನು ಆ ಅಂಗೈಯಲ್ಲಿಟ್ಟಳು. ಇಟ್ಟ ಬೆರಳನ್ನು ತಕ್ಷಣ ಹಿಂದೆಗೆಯಲಿಲ್ಲ. ವೈದ್ಯೆ ಆ ಬಾತ ಗಿಣ್ಣುಗಳನ್ನು ನಿಧಾನವಾಗಿ ಮುಟ್ಟಿ ನೋಡಿದರು.

“ಈ ಕೈಯಿಂದ ಏನು ಕೆಲಸ ಮಾಡ್ತೀಯವ್ವ?” ಎಂದರು. ಅವರ ಮಾತಿಗೆ ಊರಿನ ಧಾಟಿ ಬಂದಿತ್ತು.

“ಬಿತ್ತೋ ಶೇಂಗಾ ಒಡಿತೀನ್ರಿ.”

“ನೆನಸಿ ಒಡಿತೀಯೋ, ಒಣಾವೋ? ನಮ್ಮ ಅಜ್ಜಿ ನೀರು ಚಿಮುಕಿಸ್ತಿದ್ಲು.”

ಕೇಳಿದ್ದೇ ತಡ, ಪಕ್ಕೀರಮ್ಮನಿಗೆ ಹುರುಪು ಬಂತು. ಬಿಂದಿಗೆ, ಬಿಗಿದ ಚೀಲ, ಒಳಕೋಣೆ ಎಲ್ಲವನ್ನೂ ವಿವರಿಸಿದಳು. ಗೌಸಿಯಾ ಗಡ್ಡದ ಮುದುಕರ ವಿಷಯವನ್ನೂ ಸೇರಿಸಿದಳು. ವೈದ್ಯೆಯ ಮುಖ ಗಂಭೀರವಾಯಿತು.

ಮುಂದಿನ ದಿನಗಳಲ್ಲಿ ಕಫವನ್ನು ಮತ್ತೆ ಪರೀಕ್ಷಿಸಿದರು. ಉಸಿರಿನ ದಾರಿಯಲ್ಲಿ ತೆಳ್ಳನೆಯ ಕೊಳವೆ ಇಳಿಸಿ ನೀರು ತೆಗೆದು ನೋಡಿದರು. ಎದೆಯೊಳಗೆ ಬೆಳೆದಿದ್ದುದು ಕ್ಷಯವಲ್ಲ, ಶಿಲೀಂಧ್ರ.

“ಶೇಂಗಾದ ಮೇಲೆ ಬಂದಿತ್ತಲ್ಲ ಬೂಷ್ಟು, ಅಂಥದೇ ನಿನ್ನ ಪುಪ್ಪುಸದಾಗ ಬೇರು ಬಿಟ್ಟೈತಿ,” ಎಂದರು ಶಾಂತಕುಮಾರಿ. “ಆ ಧೂಳು ಗೌಸಿಯಾನೂ ಉಸುರಾಡ್ಯಾಳ. ಅವಳ ಮೈ ಅದನ್ನ ಹೊರಗ ಹಾಕ್ತು. ನಿನ್ನ ಮೈಯಾಗ ಕಾಯೋ ಶಕ್ತಿನ ಗುಳಿಗಿ ಮಂಕು ಮಾಡಿತ್ತು. ಅದರಾಗೂ ಈ ಬಿಳೀದನ್ನ ಕೇಳದ ತಿಂದೀಯಲ್ಲ, ಅದು ಇನ್ನೂ ಮಂಕು ಮಾಡ್ತು.”

ಪಕ್ಕೀರಮ್ಮ ಎದೆಯ ಬಗ್ಗೆ ಏನೂ ಕೇಳಲಿಲ್ಲ. ತನ್ನ ಕೈ ನೋಡಿಕೊಂಡಳು. “ಗುಳಿಗಿ ಬಿಡಿಸ್ತೀರೇನ್ರಿ?”

“ಕ್ಷಯದ್ದೂ ಹಳದೀದೂ ಈಗ ನಿಲ್ಲಿಸ್ತೀನಿ. ಬಿಳೀದನ್ನ ಒಮ್ಮೆಲೇ ಬಿಡಬಾರದು, ನಾ ಹೇಳಿದಂಗ ಸ್ವಲ್ಪ ಸ್ವಲ್ಪ ಇಳಿಸಬೇಕು. ಬೂಷ್ಟಿಗೆ ಬ್ಯಾರೆ ಗುಳಿಗಿ ಐತಿ, ತಿಂಗಳುಗಟ್ಟಲೆ ನುಂಗಬೇಕು. ಕೈ ನೋಯ್ತೈತಿ, ಸುಳ್ಳು ಹೇಳಂಗಿಲ್ಲ. ಮೊದ್ಲು ಎದಿ ನೋಡೂಣು. ಎದಿ ನೆಟ್ಟಗಾದ ಮ್ಯಾಲೆ ನಿನ್ನ ಬಳ್ಳಾರಿ ಡಾಕ್ಟ್ರ ಜೋಡಿ ನಾನೇ ಮಾತಾಡ್ತೀನಿ. ನಿನ್ನ ಕೈಯ್ಯಾಗ ಮತ್ತೆ ಮೊರ ಹಿಡಿಸೋ ಆಸೆ ನನಗೂ ಐತಿ.”

ಆ ಕೊನೆಯ ಮಾತಿನ ಮೇಲೆ ನಂಬಿಕೆ ಇಟ್ಟು ಅವಳು ಊರಿಗೆ ಬಂದಳು.

ಆ ಬೇಸಿಗೆ ಕಷ್ಟದ್ದೇ ಆಗಿತ್ತು. ಮುಷ್ಟಿ ಮತ್ತೆ ಮುಚ್ಚಿಕೊಂಡಿತು. ಪೆಂಡಿಯ ತುರುಬು ಮತ್ತೆ ಬಂತು. ಊಟವಾದ ಮೇಲೆ ಮೈಲಪ್ಪ ಗುಳಿಗೆಯನ್ನು ಅವಳ ಬಾಯಿಗೇ ಹಾಕುತ್ತಿದ್ದ. ಚೀಲ ತಂದ ಬೊಮ್ಮಪ್ಪನಂಥ ರೈತರನ್ನು ಬರಿಗೈಯಲ್ಲಿ ಕಳಿಸಬಾರದೆಂದು ಬೇವಿನ ಮರದ ಕೆಳಗೆ ತಾನೇ ಒಡೆಯಲು ಕೂತ. ಅವಳು ಧೂಳಿನಿಂದ ದೂರ, ಕಟ್ಟೆಯ ಮೇಲೆ ಮೂಗಿಗೆ ಬಟ್ಟೆ ಕಟ್ಟಿಕೊಂಡು ಕೂತು, ಅವನು ಒಡೆದದ್ದನ್ನು ನೋಡುತ್ತಿದ್ದಳು.

“ಬೀಜ ಒಡಿ ಅಂದ್ರ ಬ್ಯಾಳಿ ಮಾಡ್ಯಾನ. ಬೊಮ್ಮಪ್ಪ ಇದನ್ನ ಬಿತ್ತಬೇಕೋ, ಸಾರು ಮಾಡಬೇಕೋ?”

“ಬೈಯಿ, ಬೈಯಿ,” ಎಂದ ಮೈಲಪ್ಪ. “ಹ್ವಾದ ತಿಂಗಳು ಇಷ್ಟುದ್ದ ಬೈಯಾಕ ನಿನಗ ಉಸುರ ಇದ್ದಿಲ್ಲ.”

ಅವಳು ಎದೆಯ ಮೇಲೆ ಕೈಯಿಟ್ಟು ನೋಡಿಕೊಂಡಳು. ಹೌದಲ್ಲ ಎನಿಸಿತು. ಒಂದೇ ಉಸಿರಿಗೆ ಬೈದಿದ್ದಳು, ಕೆಮ್ಮಿರಲಿಲ್ಲ.

ಜ್ವರ ಬಿಟ್ಟಿತು. ಕುಪ್ಪಸ ಮೈಗೆ ಕೂಡಿಬಂತು. ಪ್ರತಿ ಸಲದ ಎಕ್ಸ್‌ರೇಯಲ್ಲೂ ಕಲೆ ಕಿರಿದಾಗುತ್ತ ಹೋಗಿ, ಕೊನೆಗೆ ಗಾಯ ಮಾಗಿದ ಗೆರೆಯಷ್ಟೇ ಉಳಿಯಿತು. ದಸರೆ ಕಳೆದ ಮೇಲೆ ಇಬ್ಬರು ವೈದ್ಯರೂ ಮಾತಾಡಿಕೊಂಡು ಹಳದಿ ಗುಳಿಗೆಯನ್ನು ಕಡಿಮೆ ಪ್ರಮಾಣದಲ್ಲಿ ಮತ್ತೆ ಆರಂಭಿಸಿದರು. ಬಿಳಿಯದು ಬೇಡವೇ ಬೇಡ ಎಂದರು. ತಪ್ಪದೆ ಬಂದು ತೋರಿಸಬೇಕು, ಕೆಮ್ಮಿದರೆ ಮುಚ್ಚಿಡಬಾರದು, ನೆನೆಸಿದ ಕಾಯಿಯ ಹತ್ತಿರ ಸುಳಿಯಬಾರದು.

ಒಣ ಕಾಯಿ ಒಡೆಯಲು ಬೆರಳಿನಲ್ಲಿ ಕಸುವಿಲ್ಲ, ನೆನೆಸುವಂತಿಲ್ಲ. ಇದಕ್ಕೊಂದು ದಾರಿ ಹುಡುಕಿದವನು ಗೌಸಿಯಾಳ ಗಂಡ ಮೌಲಾಸಾಬ್, ಸೈಕಲ್ ರಿಪೇರಿಯವನು. ಪಕ್ಕೀರಮ್ಮನ ಎಲೆ ಅಡಿಕೆಯ ಚೀಲದಲ್ಲಿದ್ದ ಅಡಕತ್ತರಿಯನ್ನು ಕೇಳಿ ಒಯ್ದ. ಅದರ ಅಲಗನ್ನು ಅರದಿಂದ ತಿಕ್ಕಿ ಮೊಂಡು ಮಾಡಿದ, ಕಾಯಿಯ ಮೂತಿ ಕೂರುವಷ್ಟು ತಗ್ಗು ಕೊರೆದ, ಹಿಡಿಕೆಗೆ ಹಳೆಯ ಟ್ಯೂಬಿನ ರಬ್ಬರು ಸುತ್ತಿದ. ಮೊದಲ ಕಾಯಿ ಪುಡಿಯಾಯಿತು. ಎರಡನೆಯದೂ ಹಾಗೆಯೇ. ಮೌಲಾಸಾಬ್ ಬೇಸರಪಡದೆ ಮತ್ತೆ ಮತ್ತೆ ತಿಕ್ಕಿ ತಂದ. ಒಂದು ಮಧ್ಯಾಹ್ನ ಪಕ್ಕೀರಮ್ಮ ಅಂಗೈಯಿಂದ ಹಿಡಿಕೆಯನ್ನು ಮೆಲ್ಲಗೆ ಒತ್ತಿದಳು. ಟಪ್ಪೆಂದಿತು. ಸಿಪ್ಪೆ ಎರಡಾಗಿ ಬಿಚ್ಚಿ, ಕೆಂಪಗಿನ ಎರಡು ಕಾಳು ಗೀರೂ ಇಲ್ಲದೆ ಮೊರಕ್ಕೆ ಬಿದ್ದವು.

“ಇನ್ನ ಎಲಿ ಅಡಿಕಿಗೆ ಏನ್ ಮಾಡ್ತೀ ಯಕ್ಕಾ?” ಎಂದಳು ಗೌಸಿಯಾ.

“ನಿನ್ನ ಗಂಡ ಕೆಡಸ್ಯಾನ, ನೀ ಕಡದು ಕೊಡು.”

ಮುಂದಿನ ಬೇಸಿಗೆಯ ಕೊನೆಗೆ ಬೇವಿನ ಮರದ ಕೆಳಗೆ, ಗಾಳಿಗೆ ಬೆನ್ನು ಕೊಟ್ಟು, ಮೂಗಿಗೆ ಬಟ್ಟೆ ಕಟ್ಟಿ, ಅವಳು ಒಡೆಯಲು ಕೂತಳು. ಚೀಲ ಸುರಿಯುವ, ಕೊಡವುವ ಕೆಲಸ ಮೈಲಪ್ಪನದು. ಮೊದಲಿನ ಅರ್ಧದಷ್ಟೂ ಆಗುತ್ತಿರಲಿಲ್ಲ. ಯಾರಾದರೂ ಅವಸರ ಮಾಡಿ ನೀರು ಚಿಮುಕಿಸೋಣವೇ ಎಂದರೆ, “ಚಿಮುಕಿಸಿದ್ರ ಅಂದೇ ಒಡದು ಮುಗಿಸ್ರಿ, ಚೀಲದಾಗ ಇಡಬ್ಯಾಡ್ರಿ. ನನ್ನ ಮನಿ ಅಂಗಳಕ್ಕಂತೂ ತರಬ್ಯಾಡ್ರಿ,” ಎನ್ನುತ್ತಿದ್ದಳು. ಮಳೆ ಬಿದ್ದ ಮೇಲೆ ಬೊಮ್ಮಪ್ಪ ಅವಳನ್ನು ತನ್ನ ಹೊಲದ ಬದುವಿಗೆ ಕರೆದೊಯ್ದು ನಿಲ್ಲಿಸಿದ. ಸಾಲುಗಳು ಎಲ್ಲೂ ಬೋಳಾಗಿರಲಿಲ್ಲ.

ಆ ವಾರವೇ ದಾವಣಗೆರೆಗೆ ಹೋಗುವ ಸರದಿ. ಪಕ್ಕೀರಮ್ಮ ತಾನೇ ತಲೆ ಬಾಚಿ, ತಾನೇ ತುರುಬು ಕಟ್ಟಿಕೊಂಡು ಹೊರಟಳು. ವೈದ್ಯೆ ಎದೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿದರು, ಎಕ್ಸ್‌ರೇ ನೋಡಿದರು. ಬಾಯಿ ತೆರೆದು ಏನೋ ಕೇಳಬೇಕು ಎನ್ನುವಷ್ಟರಲ್ಲಿ ಪಕ್ಕೀರಮ್ಮ ಸೆರಗಿನ ಗಂಟು ಬಿಚ್ಚಿ, ಇದ್ದ ಗುಳಿಗೆಗಳನ್ನೆಲ್ಲ ಮೇಜಿನ ಮೇಲೆ ಹರವಿದಳು.

“ಇವು ಕೈಯ್ಯಿಗೆ ಹಳದೀವು. ಇದು ಅದರ ಜೋಡಿ ನುಂಗು ಅಂತ ನೀವ ಕೊಟ್ಟದ್ದು. ಇದು ಹ್ವಾದ ವಾರ ತಲಿನೋವಿಗೆ ಅಂತ ಗೌಸಿ ಕೊಟ್ಟಿದ್ಲು, ನುಂಗಿಲ್ಲ, ನಿಮ್ಮನ್ನ ಕೇಳಿ ನುಂಗಬೇಕಂತ ಇಟ್ಟೀನಿ. ಎರಡು ದಿನ ಗಂಟಲ ಕೆರದಿತ್ತು, ಅದನ್ನೂ ಹೇಳಿಬಿಡ್ತೀನಿ.”

ಶಾಂತಕುಮಾರಿ ನಕ್ಕು, ಬಾಯಿ ತೆರೆಸಿ ಗಂಟಲು ನೋಡಿದರು. ಏನೂ ಇರಲಿಲ್ಲ. ಹೊರಡುವಾಗ ಪಕ್ಕೀರಮ್ಮ ಕೈಚೀಲದಿಂದ ಒಂದು ಪೊಟ್ಟಣ ತೆಗೆದು ಅವರ ಮುಂದಿಟ್ಟಳು. ಕೆಂಪು ಸಿಪ್ಪೆ ಎಲ್ಲೂ ಹರಿಯದ ಶೇಂಗಾ ಕಾಳು.

“ಅಂಜಬ್ಯಾಡ್ರಿ ಡಾಕ್ಟರಮ್ಮಾರ, ತಿನ್ರಿ,” ಎಂದಳು. “ಒಣಾವ ಒಡದೀನಿ.”